ಮನೆಯೊಳಗಿನ ನಕಲು



ಕಾಪಿರೈಟ್ ಎಂದೊಡನೆ ನಮಗೆ ನೆನಪಾಗುವುದು ಪೈರಸಿ. ಬಿಡುಗಡೆಯಾದ ದಿನವೇ ಮೊಬೈಲಿಂದ ಮೊಬೈಲಿಗೆ ಹರಿದಾಡುವ ಸಿನಿಮಾದ ವಿಚಾರ ಮಾತಾಡಲು ನಾನು ಬಂದಿಲ್ಲ. ಅದು ಅಪರಾಧ, 1957ರ ಹಕ್ಕುಸ್ವಾಮ್ಯ ಕಾಯ್ದೆಯ 63ನೇ ಕಲಮಿನ ಪ್ರಕಾರ 6 ತಿಂಗಳಿಂದ 3 ವರ್ಷದವರೆಗೆ ಜೈಲಿದೆ. ಅದೂ ಸಾಲದೆಂದು 2014ರಲ್ಲಿ ನಮ್ಮ ರಾಜ್ಯದ ಗೂಂಡಾ ಕಾಯ್ದೆಗೇ ತಿದ್ದುಪಡಿ ತಂದು ಪೈರಸಿ ದಂಧೆಯವರನ್ನು ಅದರೊಳಗೆ ಸೇರಿಸಲಾಯಿತು. ಆದರೆ ಅಷ್ಟು ಕಟುವಾದ ಆ ಕಾಯ್ದೆಯೂ ಹಿಡಿಯುವುದು ವ್ಯಾಪಾರದ ಉದ್ದೇಶಕ್ಕೆ ಕದ್ದವರನ್ನು ಮಾತ್ರ. ಹಾಗಾದರೆ ತನ್ನ ಮನೆಯಲ್ಲಿ, ತನಗಾಗಿ, ಒಂದು ಹಾಡನ್ನೋ ಟಿ.ವಿ. ಕಾರ್ಯಕ್ರಮವನ್ನೋ ನಕಲು ಮಾಡಿಟ್ಟುಕೊಂಡವರ ಗತಿ ಏನು? ಈ ಸಭೆಯಲ್ಲಿ ಐವತ್ತು ದಾಟಿದವರೆಲ್ಲ ಆ ಪೈಕಿಯೇ ಎಂದು ನನ್ನ ಅಂದಾಜು. ಇವತ್ತಿನ ಮಾತು ಅವರ ಬಗ್ಗೆ.

ಕ್ಯಾಸೆಟ್ಟಿನ ಹಿಂಬದಿಯ ಅಂಚಿನಲ್ಲಿ ಎರಡು ಪುಟ್ಟ ಪ್ಲಾಸ್ಟಿಕ್ ಹಲ್ಲುಗಳಿರುತ್ತಿದ್ದವು. ಅವನ್ನು ಮುರಿದರೆ ರೆಕಾರ್ಡ್ ಗುಂಡಿ ಕೆಳಗಿಳಿಯುತ್ತಿರಲಿಲ್ಲ. ಕಂಪನಿಯ ಕ್ಯಾಸೆಟ್ಟಿಗೆ ಆ ಹಲ್ಲು ಇರುತ್ತಲೇ ಇರಲಿಲ್ಲ. ನಾವು ಆ ತೂತಿಗೆ ಸೆಲ್ಲೋಟೇಪ್ ಅಂಟಿಸಿ, ಬೇಜಾರು ಬಂದ ಹಾಡಿನ ಮೇಲೆ ರೇಡಿಯೋದ ಹೊಸ ಹಾಡು ತುಂಬಿಸುತ್ತಿದ್ದೆವು. ಪೇಟೆಯ ಕ್ಯಾಸೆಟ್ ಅಂಗಡಿಗೆ ಹೋಗಿ ಚೀಟಿಯಲ್ಲಿ ಹಾಡುಗಳ ಪಟ್ಟಿ ಬರೆದುಕೊಟ್ಟರೆ, 60 ಅಥವಾ 90 ನಿಮಿಷದ ಖಾಲಿ ಕ್ಯಾಸೆಟ್ಟಿಗೆ ಅವನ್ನು ತುಂಬಿಸಿಕೊಡುತ್ತಿದ್ದರು. ಕಾನೂನಿನ ಕಣ್ಣಿಗೆ ಇವೆರಡೂ ಒಂದೇ ಅಲ್ಲ. ಅಂಗಡಿಯಾತ ಮಾಡುತ್ತಿದ್ದುದು ಪ್ರತಿ ಮಾರುವ ವ್ಯಾಪಾರ. ಅದು ಆಗಲೂ ತಪ್ಪು, ಈಗಲೂ ತಪ್ಪು. ಮನೆಯಲ್ಲಿ ಮಾಡಿದ್ದರ ವಿಷಯ ಅಷ್ಟು ಸರಳವಲ್ಲ.

ಈ ಗಂಟಿಗೆ ಮೊದಲು ಕೈ ಹಾಕಿದವರು ಪಶ್ಚಿಮ ಜರ್ಮನಿಯವರು. ಟೇಪ್‌ರೆಕಾರ್ಡರಿನಲ್ಲಿ ಮನೆಯಲ್ಲೇ ಸಂಗೀತ ನಕಲು ಮಾಡಲು ಕೂಡ ರಚನಕಾರರ ಒಪ್ಪಿಗೆ ಬೇಕೆಂದು 1955ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ ಹೇಳಿತು. ತೀರ್ಪೇನೋ ಬಂತು, ಜಾರಿ ಮಾಡುವುದು ಹೇಗೆ? ರಚನಕಾರರ ಸಂಘವಾದ ಗೆಮಾ, ಟೇಪ್‌ರೆಕಾರ್ಡರ್ ಕೊಂಡವರ ಗುರುತಿನ ಚೀಟಿಯ ವಿವರ ಬೇಕೆಂದು ಪಟ್ಟು ಹಿಡಿಯಿತು. ಮನೆಯ ಹೊಸ್ತಿಲು ದಾಟಿ ಬರುವ ಈ ಬೇಡಿಕೆಯನ್ನು 1964ರಲ್ಲಿ ಅದೇ ನ್ಯಾಯಾಲಯ ತಳ್ಳಿಹಾಕಿತು. ಮರುವರ್ಷ ಹೊಸ ಕಾಯ್ದೆ ಬಂತು: ಮನೆಯಲ್ಲಿ ನಕಲು ಮಾಡಿಕೊಳ್ಳಿ, ಯಂತ್ರದ ಬೆಲೆಯಲ್ಲೇ ರಚನಕಾರರ ಪಾಲು ಸೇರಿರುತ್ತದೆ. ಯುರೋಪಿನ ಬಹುಪಾಲು ದೇಶಗಳು ಆಮೇಲೆ ಇದೇ ದಾರಿ ಹಿಡಿದವು. ಹಿಡಿಯದ ಬ್ರಿಟನ್ನಿನ ಕಥೆ ತಮಾಷೆಯದು. ತಾನು ಕೊಂಡ ಸಿ.ಡಿ.ಯನ್ನು ತನ್ನದೇ ಐಪಾಡಿಗೆ ಇಳಿಸಿಕೊಳ್ಳುವುದು ಅಲ್ಲಿ 2014ರ ಅಕ್ಟೋಬರಿನಲ್ಲಿ ಕಾನೂನುಬದ್ಧವಾಯಿತು. ಪರಿಹಾರದ ಏರ್ಪಾಡಿಲ್ಲದೆ ಆ ನಿಯಮ ತಂದದ್ದಕ್ಕೆ ಸರ್ಕಾರ ಕೊಟ್ಟ ಸಮರ್ಥನೆ ಸಾಲದೆಂದು 2015ರ ಜುಲೈನಲ್ಲಿ ಹೈಕೋರ್ಟ್ ಅದನ್ನು ರದ್ದು ಮಾಡಿತು. ಅಂದಿನಿಂದ ಅಲ್ಲಿ ಅದು ಮತ್ತೆ ಕಾನೂನು ಮೀರಿದ ಕೆಲಸ. ಅದಕ್ಕಾಗಿ ಯಾರ ಮನೆಯ ಬಾಗಿಲನ್ನೂ ಯಾರೂ ತಟ್ಟಿಲ್ಲ ಬಿಡಿ.

ಅಮೆರಿಕದ ಮೊಕದ್ದಮೆ ಹೆಚ್ಚು ಹೆಸರಾದದ್ದು. 1975ರಲ್ಲಿ ಸೋನಿ ಕಂಪನಿ ಬೀಟಾಮ್ಯಾಕ್ಸ್ ವಿಡಿಯೋ ರೆಕಾರ್ಡರನ್ನು ಮಾರುಕಟ್ಟೆಗೆ ತಂದಿತು; ಮರುವರ್ಷವೇ ಯೂನಿವರ್ಸಲ್ ಮತ್ತು ಡಿಸ್ನಿ ಕೋರ್ಟಿಗೆ ಹೋದವು. ಒಬ್ಬ ಮನೆಬಳಕೆದಾರನನ್ನೂ ಪ್ರತಿವಾದಿ ಮಾಡಿದ್ದರು. ಆತ ವಾದಿಗಳ ವಕೀಲರದೇ ಕಕ್ಷಿದಾರ, ತಾನಾಗಿ ಒಪ್ಪಿ ಆ ಜಾಗದಲ್ಲಿ ನಿಂತವನು. ಅವನಿಂದ ಒಂದು ಡಾಲರನ್ನೂ ಕೇಳಿರಲಿಲ್ಲ. ನೋಡುವವರನ್ನೇ ಕಟಕಟೆಗೆ ಎಳೆದರೆ ಹೆಸರು ಕೆಡುತ್ತದೆಂದು ಸ್ಟುಡಿಯೋಗಳಿಗೆ ಗೊತ್ತಿತ್ತು. ಕೆಳ ನ್ಯಾಯಾಲಯದಲ್ಲಿ ಸೋನಿ ಗೆದ್ದಿತು, ಮೇಲ್ಮನವಿಯಲ್ಲಿ ಸೋತಿತು. ಈ ಯಂತ್ರ ಚಿತ್ರೋದ್ಯಮದ ಪಾಲಿಗೆ ಕೊಲೆಗಡುಕನಿದ್ದಂತೆ ಎಂದು 1982ರಲ್ಲಿ ಚಿತ್ರೋದ್ಯಮದ ಮುಖಂಡ ಜ್ಯಾಕ್ ವ್ಯಾಲೆಂಟಿ ಸಂಸತ್ ಸಮಿತಿಯ ಮುಂದೆ ಗೋಳಾಡಿದ. ಸುಪ್ರೀಂ ಕೋರ್ಟ್ ಒಮ್ಮೆ ವಾದ ಕೇಳಿ ತೀರ್ಮಾನಕ್ಕೆ ಬರಲಾಗದೆ ಮತ್ತೊಮ್ಮೆ ಕೇಳಿತು. 1984ರ ಜನವರಿ 17ರಂದು 5-4ರ ಬಹುಮತದಲ್ಲಿ ತೀರ್ಪು ಸೋನಿಯ ಪರವಾಗಿ ಬಂತು. ಪ್ರಸಾರವಾಗುವ ಹೊತ್ತಿನಲ್ಲಿ ನೋಡಲಾಗದ್ದನ್ನು ಹಿಡಿದಿಟ್ಟು ಆಮೇಲೆ ನೋಡುವುದು ನ್ಯಾಯಯುತ ಬಳಕೆ ಎಂದು ಬಹುಮತದ ಪರವಾಗಿ ನ್ಯಾಯಮೂರ್ತಿ ಸ್ಟೀವನ್ಸ್ ಬರೆದರು. ಒಬ್ಬ ನ್ಯಾಯಮೂರ್ತಿ ಆಚೆ ಸರಿದಿದ್ದರೆ ವಿ.ಸಿ.ಆರ್.ನ ಚರಿತ್ರೆಯೇ ಬೇರೆಯಾಗುತ್ತಿತ್ತು. ಕೊಲೆಗಡುಕನೆಂದು ಬೈಸಿಕೊಂಡ ಆ ಯಂತ್ರಕ್ಕೆಂದೇ ಸಿನಿಮಾ ಕ್ಯಾಸೆಟ್ಟುಗಳನ್ನು ಮಾರಿ ಸ್ಟುಡಿಯೋಗಳು ಮುಂದೆ ಚಿತ್ರಮಂದಿರಕ್ಕಿಂತ ಹೆಚ್ಚು ಗಳಿಸಿದವು.

ಇನ್ನು ನಮ್ಮ ಕಾಯ್ದೆ. 2012ರ ಜೂನ್ 21ರಂದು ತಿದ್ದುಪಡಿ ಜಾರಿಗೆ ಬರುವ ಮೊದಲು ಖಾಸಗಿ ಬಳಕೆಯ ವಿನಾಯಿತಿ ಇದ್ದದ್ದು ಸಾಹಿತ್ಯ, ನಾಟಕ, ಸಂಗೀತ ರಚನೆ, ಕಲಾಕೃತಿಗಳಿಗೆ ಮಾತ್ರ. ಧ್ವನಿಮುದ್ರಿಕೆ ಮತ್ತು ಸಿನಿಮಾ ಆ ಪಟ್ಟಿಯಲ್ಲಿ ಇರಲಿಲ್ಲ. ಅಂದರೆ ಅಕ್ಷರಶಃ ಓದಿದರೆ ಪುಸ್ತಕದ ಪುಟ ನಕಲು ಮಾಡಿಕೊಳ್ಳಬಹುದಿತ್ತು, ಕ್ಯಾಸೆಟ್ ಮಾತ್ರ ಕೂಡದು! ಆ ಎಂಬತ್ತು-ತೊಂಬತ್ತರ ದಶಕದಲ್ಲಿ ನಮ್ಮಲ್ಲಿ ಕಾನೂನು ಮುರಿಯದ ಮನೆ ಯಾವುದಿತ್ತೋ ಹೇಳಿ. ಈಗ 52ನೇ ಕಲಂ ಕಂಪ್ಯೂಟರ್ ಪ್ರೋಗ್ರಾಮುಗಳನ್ನು ಬಿಟ್ಟು ಯಾವುದೇ ಕೃತಿಯ ಖಾಸಗಿ, ವೈಯಕ್ತಿಕ ಬಳಕೆಯನ್ನು, ಅದು ನ್ಯಾಯಯುತವಾಗಿರುವಷ್ಟು ಮಟ್ಟಿಗೆ, ಒಪ್ಪುತ್ತದೆ. ಆ ಉದ್ದೇಶಕ್ಕೆ ವಿದ್ಯುನ್ಮಾನ ಮಾಧ್ಯಮದಲ್ಲಿ ಕೂಡಿಡುವುದೂ ಉಲ್ಲಂಘನೆಯಲ್ಲ ಎಂದು ಅದರದೇ ವಿವರಣೆ ಹೇಳುತ್ತದೆ. ಆದರೆ ಮೂಲ ಪ್ರತಿಯೇ ಕದ್ದದ್ದಾಗಿರಬಾರದು. ಅದಕ್ಕಿಂತ ನನಗೆ ಇಷ್ಟವಾದದ್ದು ಯಾರೂ ಉಲ್ಲೇಖಿಸದ 39ನೇ ಕಲಂ. ಸ್ವಂತ ಬಳಕೆಗೆ ಮಾಡಿಕೊಂಡ ಧ್ವನಿ ಅಥವಾ ದೃಶ್ಯ ಮುದ್ರಣದಿಂದ ಪ್ರಸಾರಕರ ಹಕ್ಕಾಗಲಿ ಪ್ರದರ್ಶಕರ ಹಕ್ಕಾಗಲಿ ಉಲ್ಲಂಘನೆಯಾಗುವುದಿಲ್ಲ ಎಂದು ಅದು ಸಾರುತ್ತದೆ. ಬಯಲಾಟದ ರಂಗಸ್ಥಳದ ಪಕ್ಕ ಟೇಪ್‌ರೆಕಾರ್ಡರ್ ಇಟ್ಟುಕೊಂಡು ಕುಳಿತ ಅಭಿಮಾನಿಗೆ ಇಷ್ಟು ನೇರವಾದ ರಕ್ಷಣೆ ಬೇರೆಲ್ಲೂ ನಾನು ಕಂಡಿಲ್ಲ.

ಬಯಲಾಟವೆಂದಾಗ ಒಂದು ಸಂಗತಿ ಹೇಳಲೇಬೇಕು. ಶಿವರಾಮ ಕಾರಂತರು ರೂಪಿಸಿದ ಯಕ್ಷಗಾನ ಬ್ಯಾಲೆಯ ಹಕ್ಕು ಯಾರದೆಂಬ ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಗಿ 2009ರ ಜನವರಿಯಲ್ಲಿ ತೀರ್ಮಾನವಾಯಿತು. ಕಾರಂತರ ಉಯಿಲಿನಂತೆ ಹಕ್ಕು ಪಡೆದವರು ಗೆದ್ದರು. ಆದರೆ ಸೋತ ಮಣಿಪಾಲದ ಸಂಸ್ಥೆಗೆ ಕೂಡ 52ನೇ ಕಲಮಿನ ವಿನಾಯಿತಿಗಳನ್ನು, ಅವು ಅನ್ವಯಿಸಿದರೆ, ಬಳಸಿಕೊಳ್ಳಲು ಅಡ್ಡಿಯಿಲ್ಲವೆಂದು ನ್ಯಾಯಾಲಯ ಸ್ಪಷ್ಟಪಡಿಸಿತು. ವಿನಾಯಿತಿ ಹಕ್ಕುದಾರರು ಕೊಡುವ ದಾನವಲ್ಲ. ನಮ್ಮ ವಕೀಲರೂ ಇದನ್ನು ಮರೆಯುತ್ತಾರೆ.

ಮನೆಯ ನಕಲಿನಿಂದ ಕಲಾವಿದರಿಗೆ ನಷ್ಟವಿಲ್ಲವೇ ಎಂದು ಕೇಳುವಿರಿ. ಸ್ವಲ್ಪ ಇರಬಹುದು, ಜರ್ಮನಿಯ ಮಾದರಿ ನಮ್ಮಲ್ಲಿ ಚರ್ಚೆಗೆ ಬರಬೇಕಿತ್ತು ಎಂಬುದು ನನ್ನ ಅಭಿಪ್ರಾಯ. ಆದರೆ ಲಾಭದ ಕಡೆಯನ್ನೂ ನೋಡಿ. ಬಿ.ಬಿ.ಸಿ. 1960ರ ದಶಕದ 'ಡಾಕ್ಟರ್ ಹೂ' ಧಾರಾವಾಹಿಯ ಎಷ್ಟೋ ಟೇಪುಗಳನ್ನು ತಾನೇ ಅಳಿಸಿಹಾಕಿತು. ಕಳೆದುಹೋದ ಆ ಕಂತುಗಳ ಧ್ವನಿ ಇಂದು ಪೂರ್ತಿಯಾಗಿ ಸಿಗುತ್ತಿದ್ದರೆ, ಅದಕ್ಕೆ ಕಾರಣ ಮನೆಯಲ್ಲಿ ಟಿ.ವಿ. ಎದುರು ರೆಕಾರ್ಡರ್ ಇಟ್ಟುಕೊಂಡು ಕೂತ ಕೆಲವರು. 1990ರಲ್ಲಿ ಅಪಘಾತದಲ್ಲಿ ತೀರಿಕೊಂಡ ಭಾಗವತ ಕಾಳಿಂಗ ನಾವಡರ ದನಿ, ಶೇಣಿ ಗೋಪಾಲಕೃಷ್ಣ ಭಟ್ಟರ ತಾಳಮದ್ದಳೆಯ ಮಾತುಗಾರಿಕೆ ಕಂಪನಿಯ ಕ್ಯಾಸೆಟ್ಟುಗಳಲ್ಲಷ್ಟೇ ಅಲ್ಲ, ಕೇಳುಗರು ಮಾಡಿಟ್ಟುಕೊಂಡ ಸುರುಳಿಗಳಲ್ಲೂ ಉಳಿದಿದೆ. ತಾಳಮದ್ದಳೆಯ ಮಾತು ಆಶುಮಾತು. ಆ ರಾತ್ರಿ ಹೇಳಿದ್ದು ಮರುದಿನ ಇರುವುದಿಲ್ಲ. ಹಿಡಿದಿಟ್ಟವರಿಲ್ಲದಿದ್ದರೆ ಹೋಯಿತು.

ಈಗಿನ ಪರಿಸ್ಥಿತಿ ವಿಚಿತ್ರ. ಕಾಯ್ದೆ ಕೈ ಬಿಚ್ಚಿದ ಹೊತ್ತಿಗೆ ಕೈಯಲ್ಲಿದ್ದ ಪ್ರತಿಯೇ ಮಾಯವಾಗಿದೆ. ಆ್ಯಪಿನಲ್ಲಿ ಡೌನ್‌ಲೋಡ್ ಮಾಡಿದ ಹಾಡು ಗೂಢಲಿಪಿಯೊಳಗೆ ಬೀಗ ಹಾಕಿಕೊಂಡು ಕೂತಿರುತ್ತದೆ. ಚಂದಾ ನಿಂತರೆ ಅದೂ ನಿಂತಿತು. ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ಆ ಬೀಗ ಮುರಿದರೆ 65ಎ ಕಲಮಿನಂತೆ 2 ವರ್ಷದವರೆಗೆ ಜೈಲು. ಕಾಯ್ದೆ ನಿಷೇಧಿಸದ ಉದ್ದೇಶಕ್ಕಾದರೆ ತಪ್ಪಲ್ಲ ಎಂದು ಅದೇ ಕಲಂ ಹೇಳುತ್ತದೆ. ಆದರೆ ಸಾಮಾನ್ಯ ಕೇಳುಗನಿಗೆ ಬೀಗ ತೆಗೆಯಲು ಬರುವುದಿಲ್ಲ, ತೆಗೆದುಕೊಡಿ ಎಂದು ಕಂಪನಿಯನ್ನು ಕೇಳುವ ಅಧಿಕಾರವೂ ಅವನಿಗಿಲ್ಲ. ಕಾಗದದ ಮೇಲಿನ ಹಕ್ಕು ಕಾಗದದ ಮೇಲೆಯೇ ಉಳಿದಿದೆ. ಮುಂದಿನ ತಿದ್ದುಪಡಿಯಲ್ಲಿ ಆ ಅಧಿಕಾರವನ್ನು ಸೇರಿಸಬೇಕು. ಗ್ರಂಥಾಲಯಗಳಾದರೂ ಇದಕ್ಕೆ ದನಿ ಎತ್ತಬೇಕು.

ಅಲ್ಲಿಯವರೆಗೆ ನಿಮ್ಮಲ್ಲಿ ಒಂದು ವಿನಂತಿ. ಅಟ್ಟದ ಮೇಲೆ ಹಳೆಯ ಕ್ಯಾಸೆಟ್ಟುಗಳಿದ್ದರೆ ಗುಜರಿಗೆ ಹಾಕಬೇಡಿ. ಕರಾವಳಿ, ಮಲೆನಾಡಿನ ತೇವಕ್ಕೆ ಟೇಪಿಗೆ ಬೂಷ್ಟು ಹಿಡಿಯುತ್ತದೆ; ತಡ ಮಾಡದೆ ಕಂಪ್ಯೂಟರಿಗೆ ಇಳಿಸಿಕೊಳ್ಳಿ. ಊರು, ವರ್ಷ, ಪ್ರಸಂಗ, ಕಲಾವಿದರ ಹೆಸರು ಬರೆದಿಡಿ. ನಿಮ್ಮ ಬಳಕೆಗೆ ಇದನ್ನೆಲ್ಲ ಮಾಡಲು ಯಾರ ಅಪ್ಪಣೆಯೂ ಬೇಕಿಲ್ಲ. ಯೂಟ್ಯೂಬಿಗೆ ಏರಿಸುವ ಮುನ್ನ ಮಾತ್ರ ಕಲಾವಿದರ ಅಥವಾ ಅವರ ವಾರಸುದಾರರ ಒಪ್ಪಿಗೆ ಕೇಳಿ.