ವಿಮಾನ ನಿಲ್ದಾಣದ ನೆರೆಯಲ್ಲಿ ಡ್ರೋನ್: ನಿಯಮವೂ ಅದರ ಹಿಂದಿನ ಗಣಿತವೂ

(ಗಡಿಯಾಚೆಯ ಕನ್ನಡ ಮಾಧ್ಯಮ ಶಾಲೆಗಳ ಶಿಕ್ಷಕರಿಗಾಗಿ ನೀಡಿದ ಉಪನ್ಯಾಸದ ಪಠ್ಯ)



2018ರ ಡಿಸೆಂಬರ್ 19ರ ರಾತ್ರಿ ಲಂಡನ್ ಸಮೀಪದ ಗ್ಯಾಟ್ವಿಕ್ ವಿಮಾನ ನಿಲ್ದಾಣದ ಬಳಿ ಡ್ರೋನ್ ಕಂಡಿತೆಂಬ ವರದಿ ಬಂದೊಡನೆ ಓಡುಪಥವನ್ನು ಮುಚ್ಚಲಾಯಿತು. ಅಂಥ ವರದಿಗಳು ಮರುಕಳಿಸಿದ್ದರಿಂದ ಸುಮಾರು 1,000 ವಿಮಾನಗಳ ಸಂಚಾರ ಅಸ್ತವ್ಯಸ್ತಗೊಂಡು, 1,40,000 ಪ್ರಯಾಣಿಕರು ತೊಂದರೆಗೊಳಗಾದರು. ಹಾರಿಸಿದವರು ಪತ್ತೆಯಾಗಲಿಲ್ಲ. ಮರುವರ್ಷದ ಮಾರ್ಚ್‌ನಲ್ಲಿ ಬ್ರಿಟನ್ ತನ್ನ ನಿರ್ಬಂಧಿತ ವಲಯವನ್ನು 1 ಕಿ.ಮೀ.ನಿಂದ ಸುಮಾರು 5 ಕಿ.ಮೀ.ಗೆ ವಿಸ್ತರಿಸಿತು. ಅದಕ್ಕೂ ಮೊದಲು, 2017ರ ಅಕ್ಟೋಬರ್‌ನಲ್ಲಿ ಕೆನಡಾದ ಕ್ವಿಬೆಕ್ ನಗರದ ಬಳಿ ಎಂಟು ಜನರಿದ್ದ ಸಣ್ಣ ವಿಮಾನವೊಂದಕ್ಕೆ ಡ್ರೋನ್ ಬಡಿದಿತ್ತು. ಅದೃಷ್ಟವಶಾತ್ ವಿಮಾನ ಸುರಕ್ಷಿತವಾಗಿ ಇಳಿಯಿತು.

ಭಾರತದಲ್ಲಿ 2021ರ ಆಗಸ್ಟ್ 25ರಂದು ಪ್ರಕಟವಾದ ಡ್ರೋನ್ ನಿಯಮಗಳು ಆಕಾಶವನ್ನು ಹಸಿರು, ಹಳದಿ, ಕೆಂಪು ಎಂದು ಮೂರು ವಲಯಗಳಾಗಿ ವಿಂಗಡಿಸಿವೆ. ಹಸಿರು ವಲಯದಲ್ಲಿ 120 ಮೀಟರ್ ಎತ್ತರದವರೆಗೆ ಹಾರಾಟಕ್ಕೆ ಪೂರ್ವಾನುಮತಿ ಬೇಡ. ಆದರೆ ಕಾರ್ಯನಿರತ ವಿಮಾನ ನಿಲ್ದಾಣದ ಎಲ್ಲೆಯಿಂದ 8ರಿಂದ 12 ಕಿ.ಮೀ. ದೂರದ ಪಟ್ಟಿಯಲ್ಲಿ ಈ ಮಿತಿ 60 ಮೀಟರ್ ಮಾತ್ರ. ಹಳದಿ ವಲಯಕ್ಕೆ ವಾಯು ಸಂಚಾರ ನಿಯಂತ್ರಣದ, ಕೆಂಪು ವಲಯಕ್ಕೆ ಕೇಂದ್ರ ಸರ್ಕಾರದ ಅನುಮತಿ ಅಗತ್ಯ. ಅಗತ್ಯ ಬಿದ್ದಾಗ ಪೊಲೀಸ್ ಅಧೀಕ್ಷಕರು ಯಾವುದೇ ಪ್ರದೇಶವನ್ನು 96 ಗಂಟೆಗಳವರೆಗೆ ತಾತ್ಕಾಲಿಕ ಕೆಂಪು ವಲಯವೆಂದು ಘೋಷಿಸಬಹುದು. ಆದ್ದರಿಂದಲೇ ಪ್ರತಿ ಹಾರಾಟಕ್ಕೂ ಮೊದಲು ಡಿಜಿಟಲ್ ಸ್ಕೈ ವೇದಿಕೆಯನ್ನು ಪರಿಶೀಲಿಸುವುದು ಕಡ್ಡಾಯ. ನಿಯಮೋಲ್ಲಂಘನೆಗೆ ಒಂದು ಲಕ್ಷ ರೂಪಾಯಿವರೆಗೆ ದಂಡವುಂಟು.

ಮಕ್ಕಳಲ್ಲಿ ಸಾಮಾನ್ಯವಾದ ಒಂದು ತಪ್ಪು ಕಲ್ಪನೆಯನ್ನು ಇಲ್ಲಿ ತಿದ್ದಬೇಕು. 250 ಗ್ರಾಂವರೆಗಿನ ನ್ಯಾನೊ ಡ್ರೋನ್‌ಗೆ ಚಾಲಕ ಪ್ರಮಾಣಪತ್ರ ಬೇಡ. ಆದರೆ ವಲಯದ ನಿರ್ಬಂಧದಿಂದ ಅದಕ್ಕೆ ವಿನಾಯಿತಿಯಿಲ್ಲ. ಆಟಿಕೆಯೆಂಬ ಕಾರಣಕ್ಕೆ ಆಕಾಶ ಅದರದಾಗುವುದಿಲ್ಲ.

ನಿಯಮವನ್ನು ಬಾಯಿಪಾಠ ಮಾಡಿಸುವುದಕ್ಕಿಂತ ಅದರ ಕಾರಣವನ್ನು ಮಕ್ಕಳಿಂದಲೇ ಕಂಡುಹಿಡಿಸುವುದು ಲೇಸು. ವಿಮಾನವು ಸಾಮಾನ್ಯವಾಗಿ 3 ಡಿಗ್ರಿ ಇಳಿಜಾರಿನಲ್ಲಿ ಇಳಿಯುತ್ತದೆ. ನೆಲ ಮುಟ್ಟುವ ಬಿಂದುವಿನಿಂದ 5 ಕಿ.ಮೀ. ದೂರದಲ್ಲಿ ಅದರ ಎತ್ತರ ಸುಮಾರು 262 ಮೀಟರ್, 2 ಕಿ.ಮೀ. ದೂರದಲ್ಲಿ 105 ಮೀಟರ್ ಮಾತ್ರ. ಅಂದರೆ ಇತರೆಡೆ ನಿರಪಾಯವಾದ 120 ಮೀಟರ್ ಎತ್ತರವು ಇಲ್ಲಿ ವಿಮಾನದ ದಾರಿಗಿಂತ ಮೇಲಿರುತ್ತದೆ. ಹತ್ತನೆಯ ತರಗತಿಯ ತ್ರಿಕೋನಮಿತಿಗೆ ಇದಕ್ಕಿಂತ ಸಜೀವ ಉದಾಹರಣೆ ದೊರೆಯುವುದು ಕಷ್ಟ.

ಇನ್ನು ಚಲನಶಕ್ತಿಯ ಲೆಕ್ಕ. ಸೆಕೆಂಡಿಗೆ 40 ಮೀಟರ್ ವೇಗದ, 160 ಗ್ರಾಂ ತೂಕದ ಕ್ರಿಕೆಟ್ ಚೆಂಡಿನ ಶಕ್ತಿ 128 ಜೂಲ್. ಸೆಕೆಂಡಿಗೆ 70 ಮೀಟರ್ ವೇಗದಲ್ಲಿ ಬರುವ ವಿಮಾನಕ್ಕೆ 1 ಕಿ.ಗ್ರಾಂ ಡ್ರೋನ್ ಎದುರಾದರೆ ಅದು 2,450 ಜೂಲ್. ಹೆಚ್ಚುಕಡಿಮೆ ಹತ್ತೊಂಬತ್ತು ಪಟ್ಟು. ಹಕ್ಕಿಯ ದೇಹ ಮೃದು. ಡ್ರೋನ್‌ನಲ್ಲಿರುವುದು ಲೋಹದ ಮೋಟಾರು ಮತ್ತು ಲಿಥಿಯಂ ಬ್ಯಾಟರಿ.

ಈ ಪಾಠ ಗಡಿಯಾಚೆಯ ಕನ್ನಡ ಶಾಲೆಗಳಿಗೆ ದೂರದ್ದಲ್ಲ. ಸೊಲ್ಲಾಪುರದ ವಿಮಾನ ನಿಲ್ದಾಣ ನಗರಕ್ಕೆ ತಾಗಿಯೇ ಇದೆ. ವಿಮಾನಗಳ ದಾರಿಗೆ ಅಡ್ಡಿಯೆಂದು ಅಲ್ಲಿನ ಸಕ್ಕರೆ ಕಾರ್ಖಾನೆಯ ಎತ್ತರದ ಚಿಮಣಿಯನ್ನು 2023ರಲ್ಲಿ ಕೆಡವಲಾಯಿತು. ಗೋವೆಯ ವಾಸ್ಕೊದಲ್ಲಿ ನೆಲೆಸಿದ ಕನ್ನಡ ಕುಟುಂಬಗಳ ನೆರೆಯ ದಾಬೋಲಿ ನೌಕಾಪಡೆಯ ವಾಯುನೆಲೆಯೂ ಹೌದು. ಇಂಥ ಊರುಗಳಲ್ಲಿ ಎಚ್ಚರಿಕೆಯ ಪ್ರಕಟಣೆಗಳು ಇಂಗ್ಲಿಷಿನಲ್ಲೋ ಆಯಾ ರಾಜ್ಯಭಾಷೆಯಲ್ಲೋ ಬರುತ್ತವೆ. ಕನ್ನಡದಲ್ಲಿ ಓದುವ ಮಗುವಿಗೆ ಅದು ತಲುಪದೆ ಹೋದರೆ, ಮದುವೆಯ ಮನೆಯಲ್ಲೋ ಜಾತ್ರೆಯಲ್ಲೋ ಕುತೂಹಲದಿಂದ ಹಾರಿಸಿದ ಡ್ರೋನ್ ಆ ಕುಟುಂಬವನ್ನು ಠಾಣೆಯವರೆಗೆ ಒಯ್ಯಬಹುದು. ಕಾನೂನು ತಿಳಿದಿರಲಿಲ್ಲವೆಂಬ ಮಾತು ಅಲ್ಲಿ ರಕ್ಷಣೆಯಾಗದು.

ಆದ್ದರಿಂದ ಪ್ರತಿ ಶಾಲೆಯೂ ತನ್ನ ಊರಿನ ನಕ್ಷೆಯಲ್ಲಿ ಸಮೀಪದ ನಿಲ್ದಾಣದ ಸುತ್ತ 8 ಮತ್ತು 12 ಕಿ.ಮೀ. ವೃತ್ತಗಳನ್ನು ಮಕ್ಕಳಿಂದ ಬರೆಸಲಿ. ಅದನ್ನು ಅಧಿಕೃತ ನಕ್ಷೆಯೊಡನೆ ಹೋಲಿಸಲಿ. ಕಲಿತದ್ದನ್ನು ಕನ್ನಡದಲ್ಲಿ ಬರೆದು ಸೂಚನಾ ಫಲಕದಲ್ಲಿ ತೂಗುಹಾಕಲಿ. ಹಾರಿಸುವ ಉತ್ಸಾಹವನ್ನು ಅಡಗಿಸಬೇಕಾಗಿಲ್ಲ. ಎಲ್ಲಿ, ಎಷ್ಟು ಎತ್ತರದಲ್ಲಿ, ಯಾರ ಅನುಮತಿಯಿಂದ ಎಂಬ ಮೂರು ಪ್ರಶ್ನೆಗಳನ್ನು ಹಾರಾಟಕ್ಕೆ ಮೊದಲು ಕೇಳುವ ಅಭ್ಯಾಸ ಬೆಳೆದರೆ ಸಾಕು.