ಬಳಸಿದ ನೀರೂ ಅಮಾನತ್ತು
(ಜುಮಾ ಪ್ರವಚನದ ಸಾರಾಂಶ – ಅಕ್ಕಿಹೆಬ್ಬಾಳು)



ಪ್ರತಿಯೊಂದು ಜೀವಿಯನ್ನೂ ನೀರಿನಿಂದ ಉಂಟುಮಾಡಲಾಗಿದೆ ಎಂದು ಪವಿತ್ರ ಕುರ್‌ಆನ್ ತಿಳಿಸುತ್ತದೆ. ಪ್ರವಾದಿ ಮುಹಮ್ಮದ್(ಸ) ಒಂದು ಮುದ್ದ್, ಅಂದರೆ ಒಂದು ಲೀಟರಿಗೂ ಕಡಿಮೆ ನೀರಿನಲ್ಲಿ ವುಝೂ ಮಾಡುತ್ತಿದ್ದರು. ನಿಂತ ನೀರಿನಲ್ಲಿ ಮೂತ್ರ ಮಾಡುವುದನ್ನು ಅವರು ತಡೆದರು. ನೀರನ್ನು ಮಿತವಾಗಿ ಬಳಸಬೇಕೆಂಬ ಮಾತು ನಮಗೆಲ್ಲ ಗೊತ್ತಿದೆ. ಆದರೆ ಬಳಸಿದ ನೀರು ಎಲ್ಲಿಗೆ ಹೋಗುತ್ತದೆ ಎಂದು ನಾವು ವಿಚಾರಿಸುವುದು ಕಡಿಮೆ.

ನಮ್ಮ ಊರಿನ ಪಕ್ಕದಲ್ಲೇ ಹೇಮಾವತಿ ಹರಿಯುತ್ತದೆ. ಮುಂದೆ ಅದು ಕೃಷ್ಣರಾಜಸಾಗರದ ಹಿನ್ನೀರಿನಲ್ಲಿ ಕಾವೇರಿಯನ್ನು ಸೇರುತ್ತದೆ. ನಮ್ಮ ಚರಂಡಿ ಹೊಳೆಗೆ ಬಿದ್ದರೆ ಕೆಳಗಿನ ಊರಿನವರ ಹಕ್ಕಿಗೆ ಚ್ಯುತಿ ಬರುತ್ತದೆ. ಅವರು ಯಾವ ಧರ್ಮದವರೇ ಆಗಲಿ, ನಮ್ಮ ನೆರೆಯವರು. ಹೊಳೆಯಿಲ್ಲದ ಒಣ ಸೀಮೆಗಳೂ ಇವೆ. ಅಲ್ಲಿ ಕೊಳಚೆ ಸೇರುವುದು ಕೆರೆಗೆ, ಕೆರೆಯಿಂದ ಅಂತರ್ಜಲಕ್ಕೆ.

ಇದಕ್ಕೆ ಅಲ್ಲಾಹನು ಗಿಡಗಳಲ್ಲೇ ಒಂದು ಉಪಾಯವಿಟ್ಟಿದ್ದಾನೆ. ಅಂತರಗಂಗೆ, ಅಜೋಲಾ, ಅಕ್ಕಿಕಾಳಿನಷ್ಟು ಎಲೆಯ ಡಕ್‌ವೀಡ್ ಮುಂತಾದ ತೇಲುವ ಸಸ್ಯಗಳು ಕೊಳಚೆಯಲ್ಲಿರುವ ಸಾರಜನಕ, ರಂಜಕಗಳನ್ನು ಹೀರಿ ಬೆಳೆಯುತ್ತವೆ. ಬೇರಿಗೆ ಅಂಟಿದ ಸೂಕ್ಷ್ಮಜೀವಿಗಳು ಕೊಳೆಯನ್ನು ಅರಗಿಸುತ್ತವೆ. ಬೆಂಗಳೂರಿನ ಜಕ್ಕೂರಿನಲ್ಲಿ ಶುದ್ಧೀಕರಣ ಘಟಕದಿಂದ ಬಂದ ನೀರು ಜೊಂಡು ಮತ್ತು ತೇಲುವ ಗಿಡಗಳ ಜೌಗನ್ನು ದಾಟಿ ಕೆರೆ ಸೇರುತ್ತದೆ. ಬಾಂಗ್ಲಾದೇಶದ ಮಿರ್ಝಾಪುರದಲ್ಲಿ ಆಸ್ಪತ್ರೆಯೊಂದರ ಆವರಣದ ಕೊಳಚೆಯಲ್ಲಿ ಡಕ್‌ವೀಡ್ ಬೆಳೆಸಿ, ಅದನ್ನು ಮೀನಿಗೆ ಮೇವಾಗಿ ಕೊಟ್ಟಿದ್ದಾರೆ.

ಆದರೆ ಗಿಡ ಬಿಟ್ಟರೆ ಅರ್ಧ ಕೆಲಸ ಮಾತ್ರ ಆಯಿತು. ಆಗಾಗ ತೆಗೆಯದಿದ್ದರೆ ಅದು ಅಲ್ಲೇ ಕೊಳೆತು, ಹೀರಿದ್ದನ್ನೆಲ್ಲ ನೀರಿಗೇ ಹಿಂತಿರುಗಿಸುತ್ತದೆ, ಸೊಳ್ಳೆಗೂ ಆಸರೆಯಾಗುತ್ತದೆ. ಅಂತರಗಂಗೆಯು ಎಲೆಯ ಮೂಲಕ ಬಹಳ ನೀರನ್ನು ಆವಿಯಾಗಿಸುತ್ತದೆ, ಕೆರೆಗೆ ಹೋದರೆ ಇಡೀ ಕೆರೆಯನ್ನೇ ಮುಚ್ಚುತ್ತದೆ. ಆದ್ದರಿಂದ ಅದನ್ನು ಕೆರೆಗೆ ಬಿಡಬಾರದು. ಪ್ರತ್ಯೇಕ ತೊಟ್ಟಿಯಲ್ಲಿ ಚಿಕ್ಕ ಎಲೆಯ ಗಿಡ ಸಾಕುವುದು ಲೇಸು. ತೆಗೆದ ಸೊಪ್ಪು ಗೊಬ್ಬರಕ್ಕೆ ಹೋಗಲಿ. ಶೌಚದ ನೀರಿನಲ್ಲಿ ಬೆಳೆದದ್ದನ್ನು ದನಕ್ಕೆ ಹಾಕುವುದು ಬೇಡ.

ಇಂತಹ ನೀರು ಪಾಕವೇ ಎಂದು ಕೆಲವರು ಕೇಳುತ್ತಾರೆ. ವುಝೂ ಮಾಡಿದ ನೀರು ನಜಸ್ ಅಲ್ಲ. ಅದನ್ನು ಗಿಡಮರಗಳಿಗೆ ಧಾರಾಳವಾಗಿ ಹಾಯಿಸಬಹುದು. ಕೊಳಚೆಯ ವಿಷಯ ಬೇರೆ. ಬಣ್ಣ, ರುಚಿ, ವಾಸನೆಯಲ್ಲಿ ನಜಸ್‌ನ ಗುರುತು ಉಳಿಯದಂತೆ ಪೂರ್ಣ ಶುದ್ಧೀಕರಿಸಿದರೆ ಅದು ಪಾಕವಾಗುತ್ತದೆ ಎಂದು ಸೌದಿ ಅರೇಬಿಯಾದ ಹಿರಿಯ ವಿದ್ವಾಂಸರ ಮಂಡಳಿ 1978ರಲ್ಲಿ ತೀರ್ಪಿತ್ತಿದೆ. ಆದರೆ ತೇಲುವ ಗಿಡಗಳಷ್ಟರಿಂದಲೇ ನೀರು ಆ ಮಟ್ಟಕ್ಕೆ ಬರುವುದಿಲ್ಲ. ಅದು ತೋಟದ ಮರಗಳಿಗೆ ಸಾಕು. ಕುಡಿಯಲಿಕ್ಕೂ ವುಝೂಗೂ ಅಲ್ಲ.

ಸಹೋದರರೇ, ಜುಮಾಕ್ಕೆ ನೂರು ಜನ ಬಂದು ತಲಾ 5 ಲೀಟರ್ ಬಳಸಿದರೆ 500 ಲೀಟರ್ ಆಯಿತು. ಅದು ಬೀದಿ ಚರಂಡಿಗೆ ಹೋಗಿ ಕೊಳಚೆಯಾಗುವ ಮೊದಲೇ ಮಸೀದಿಯ ಗಿಡಗಳಿಗೆ ತಿರುಗಲಿ. ಮನೆಯಲ್ಲಿ ಬಚ್ಚಲುಗುಂಡಿ ಮಾಡಿಕೊಳ್ಳೋಣ. ಊರ ಚರಂಡಿಯ ಕೊನೆಯಲ್ಲಿ ಗಿಡದ ತೊಟ್ಟಿ ಕಟ್ಟಲು ಗ್ರಾಮ ಪಂಚಾಯಿತಿಯನ್ನು ಎಲ್ಲ ಸಮುದಾಯದವರೂ ಸೇರಿ ಕೇಳೋಣ. ವಾರಕ್ಕೊಮ್ಮೆ ಸೊಪ್ಪು ತೆಗೆಯುವ ಸರದಿಯಲ್ಲಿ ನಮ್ಮ ಯುವಕರು ಮುಂದೆ ನಿಲ್ಲಲಿ.

ನೀರಿನ ಅಮಾನತ್ತನ್ನು ಕಾಪಾಡುವ ತೌಫೀಕನ್ನು ಅಲ್ಲಾಹನು ನಮಗೆಲ್ಲರಿಗೂ ದಯಪಾಲಿಸಲಿ. ಆಮೀನ್.