ಹಿತ್ತಲ ಗಿಡ



ನಮ್ಮಲ್ಲಿ ಅನೇಕರಿಗೆ ಎರಡು ಬಗೆಯ ಬಾಳುವೆಗಳುಂಟು. ಊರವರೆಲ್ಲ ಕಾಣುವ ಬಾಳುವೆ ಒಂದು. ಅದು ಕಚೇರಿಯಲ್ಲಿ, ಪಾಠಶಾಲೆಯಲ್ಲಿ, ಅಂಗಡಿಯಲ್ಲಿ, ತೋಟದಲ್ಲಿ, ಅಡಿಗೆಯ ಮನೆಯಲ್ಲಿ ನಡೆಯುತ್ತದೆ. ದಿನದ ಕೆಲಸ ಮುಗಿದು, ಮನೆ ಸದ್ದಡಗಿದ ಮೇಲೆ ಮೆಲ್ಲನೆ ತಲೆಯೆತ್ತುವ ಬಾಳುವೆ ಇನ್ನೊಂದು. ಗುಮಾಸ್ತರೊಬ್ಬರು ಹಳೆಯ ನಾಣ್ಯಗಳನ್ನು ಹರಡಿಕೊಂಡು ಕುಳಿತಿರುತ್ತಾರೆ. ಉಪಾಧ್ಯಾಯರೊಬ್ಬರು ಬೆಳಗಿನ ಹಕ್ಕಿಗಳ ಕೂಗನ್ನು ಪುಸ್ತಕದಲ್ಲಿ ಗುರುತು ಹಾಕಿಕೊಳ್ಳುತ್ತಾರೆ. ಗೃಹಿಣಿಯೊಬ್ಬರು ಅತ್ತೆಯವರ ಬಾಯಿಂದ ಕೇಳಿದ ಗಾದೆಗಳನ್ನು ಲೆಕ್ಕದ ಪುಸ್ತಕದ ಹಿಂಬದಿಯಲ್ಲಿ ಬರೆದಿಡುತ್ತಾರೆ. ನೆರೆಯವರು ಬಂದು, "ಏನು ಮಾಡುತ್ತಿದ್ದೀರಿ?" ಎಂದು ಕೇಳಿದರೆ ಮೂವರೂ ಕೊಡುವ ಉತ್ತರ ಒಂದೇ: "ಏನೂ ಇಲ್ಲ, ಸುಮ್ಮನೆ." ಈ 'ಸುಮ್ಮನೆ' ಎಂಬ ಮಾತನ್ನು ಕುರಿತು ಈ ಹೊತ್ತು ಸ್ವಲ್ಪ ವಿಚಾರ ಮಾಡೋಣ.

ಹೀಗೆ ನಾವು ನಮ್ಮ ಹವ್ಯಾಸವನ್ನು ಮರೆಮಾಡುವುದೇಕೆ? ಅದರಿಂದ ಹಣ ಬಾರದೆಂಬುದು ಒಂದು ಕಾರಣ. ನಾಲ್ಕು ಜನ ನಕ್ಕಾರೆಂಬ ಅಳುಕು ಇನ್ನೊಂದು. ಆದರೆ ಇವೆರಡಕ್ಕಿಂತಲೂ ಬಲವಾದ ಕಾರಣ ಬೇರೆಯೇ ಉಂಟು. ನಮಗೆ ಸುಲಭವಾಗಿ ಒದಗಿದ್ದು ನಮ್ಮ ಕಣ್ಣಿಗೆ ಅಗ್ಗವಾಗಿ ತೋರುತ್ತದೆ. ಹಿತ್ತಲ ಗಿಡ ಮದ್ದಲ್ಲ ಎಂದು ಹಿರಿಯರು ಹೇಳಿದ್ದು ಈ ದೌರ್ಬಲ್ಯವನ್ನು ಕಂಡೇ. ಪರದೇಶದವನು ಬಂದು ಆ ಎಲೆಯನ್ನು ಕಿತ್ತು, ಅರೆದು, ಸೀಸೆಯಲ್ಲಿ ತುಂಬಿ ಕೊಟ್ಟರೆ ಬೆಲೆಕೊಟ್ಟು ಕೊಳ್ಳುತ್ತೇವೆ. ನಮ್ಮ ಬೇಲಿಯ ಪಕ್ಕದಲ್ಲಿದ್ದಾಗ ಅದನ್ನು ಕಳೆಯೆಂದು ಕೀಳುತ್ತೇವೆ.

ಈ ಮಾತಿಗೆ ನಿದರ್ಶನವನ್ನು ಹುಡುಕುತ್ತ ನಾವು ದೂರ ಹೋಗಬೇಕಾಗಿಲ್ಲ. ಮೈಸೂರಿನ ನೆರೆಯಲ್ಲೇ ಇರುವ ಕೊಡಗು ನಮಗೆ ಅದನ್ನು ಒದಗಿಸುತ್ತದೆ. ನಡಿಕೇರಿಯಂಡ ಚಿಣ್ಣಪ್ಪನವರು 1875ರಲ್ಲಿ ಜನಿಸಿ 1931ರಲ್ಲಿ ತೀರಿಕೊಂಡವರು. ವೃತ್ತಿಯಿಂದ ಪೊಲೀಸ್ ಅಧಿಕಾರಿ. ಪೊಲೀಸಿನವರೆಂದರೆ ಬೀಟು, ಮಹಜರು, ಕೈದಿ, ಕಾಗದಪತ್ರ ಎಂದಷ್ಟೇ ನಾವು ಭಾವಿಸುತ್ತೇವೆ. ಈ ಮಹನೀಯರಿಗಾದರೋ ಹಾಡಿನ ಗೀಳು. ತಾವೂ ಹಾಡಬಲ್ಲವರು, ಕವಿತೆ ಕಟ್ಟಬಲ್ಲವರು.

ಕೊಡವರಲ್ಲಿ ಹಾಡಿನ ಸಂಪ್ರದಾಯ ಬಹು ಹಳೆಯದು. ನಾಲ್ವರು ಸೇರಿ, ನಡು ಸಣ್ಣದಾದ 'ದುಡಿ' ಎಂಬ ಪುಟ್ಟ ವಾದ್ಯವನ್ನು ಬಾರಿಸುತ್ತ ಹಾಡುತ್ತಾರೆ. ಇಬ್ಬರು ಹೇಳಿದ ಸಾಲನ್ನು ಉಳಿದಿಬ್ಬರು ಎತ್ತಿಕೊಳ್ಳುತ್ತಾರೆ. ಹೊಸ ಅಕ್ಕಿಯ ಹಬ್ಬವಾದ ಪುತ್ತರಿಗೆ ಒಂದು ಹಾಡು, ಮದುವೆಗೆ ಒಂದು, ದೇವರ ಹಬ್ಬಕ್ಕೆ ಒಂದು, ಸಾವಿನ ಮನೆಗೂ ಒಂದು. ಹುಟ್ಟಿದಂದಿನಿಂದ ಮಣ್ಣಾಗುವವರೆಗೆ ಬಾಳಿನ ಪ್ರತಿಯೊಂದು ಹೆಜ್ಜೆಗೂ ಹಾಡಿನ ಜೊತೆಯುಂಟು. ಇವೆಲ್ಲವೂ ಇದ್ದದ್ದು ಹಾಡುಗಾರರ ನೆನಪಿನಲ್ಲಿ. ತಂದೆಯ ಬಾಯಿಂದ ಮಗನ ಕಿವಿಗೆ ಬಂದದ್ದು. ಎಲ್ಲರಿಗೂ ಗೊತ್ತಿದ್ದ ಹಾಡು. ಆದುದರಿಂದಲೇ ಬರೆದಿಡಬೇಕೆಂದು ಹೆಚ್ಚಿನವರಿಗೆ ತೋಚಲಿಲ್ಲ. ಗಾಳಿಯನ್ನು ಯಾರಾದರೂ ಮೂಟೆಕಟ್ಟಿ ಇಡುತ್ತಾರೆಯೇ?

ಚಿಣ್ಣಪ್ಪನವರಿಗೆ ತೋಚಿತು. ಕಾಲ ಬದಲಾಗುತ್ತಿತ್ತು. 1834ರಲ್ಲಿ ಅರಸರ ಆಳ್ವಿಕೆ ಮುಗಿದು ಇಂಗ್ಲಿಷರ ಆಡಳಿತ ಬಂದಿತ್ತು. ಕಾಫಿಯ ತೋಟಗಳು ಬೆಳೆದಿದ್ದವು. ಹುಡುಗರು ಇಂಗ್ಲಿಷ್ ಕಲಿತು ಊರು ಬಿಟ್ಟು ಉದ್ಯೋಗಕ್ಕೆ ಹೊರಟಿದ್ದರು. ಮುದುಕನೊಬ್ಬ ಕಣ್ಣು ಮುಚ್ಚಿದರೆ ಅವನೊಂದಿಗೆ ಹತ್ತು ಹಾಡುಗಳೂ ಕಣ್ಣು ಮುಚ್ಚುವ ಸ್ಥಿತಿ. ಚಿಣ್ಣಪ್ಪನವರು ಹಾಡುಬಲ್ಲವರಿಂದ ಕೇಳಿ ಬರೆದುಕೊಂಡರು. ಹಾಡುಗಳ ಜೊತೆಗೆ ಗಾದೆ, ಒಗಟು, ಹಬ್ಬಹರಿದಿನ, ಕಟ್ಟುಕಟ್ಟಳೆ ಎಲ್ಲವನ್ನೂ ಕೂಡಿಸಿದರು. ಕೊಡವ ನುಡಿಯನ್ನು ಕನ್ನಡ ಲಿಪಿಯಲ್ಲಿ ಹಿಡಿದಿಟ್ಟರು. ಆ ಸಂಗ್ರಹ 1924ರಲ್ಲಿ 'ಪಟ್ಟೋಲೆ ಪಳಮೆ' ಎಂಬ ಹೆಸರಿನಿಂದ ಅಚ್ಚಾಯಿತು. ಭಾರತೀಯನೊಬ್ಬನು ತನ್ನ ಜನರ ಜಾನಪದವನ್ನು ತನ್ನ ನುಡಿಯಲ್ಲೇ ಸಂಗ್ರಹಿಸಿ ಅಚ್ಚುಹಾಕಿಸಿದ ಮೊದಮೊದಲ ಗ್ರಂಥಗಳಲ್ಲಿ ಅದೂ ಒಂದು.

ಮುಂದೆ ನಡೆದದ್ದನ್ನು ಗಮನಿಸಬೇಕು. ಎಂ. ಎನ್. ಶ್ರೀನಿವಾಸರು ಕೊಡವರ ಧರ್ಮ ಮತ್ತು ಸಮಾಜವನ್ನು ಕುರಿತು ಬರೆದು 1952ರಲ್ಲಿ ಪ್ರಕಟಿಸಿದ ಗ್ರಂಥಕ್ಕೆ ಈ ಪುಸ್ತಕ ಆಕರವಾಯಿತು. ಆ ಗ್ರಂಥವೋ ಸಮಾಜಶಾಸ್ತ್ರವನ್ನು ಓದುವವರೆಲ್ಲರೂ ಬಲ್ಲದ್ದು. 2003ರಲ್ಲಿ ಚಿಣ್ಣಪ್ಪನವರ ಮೊಮ್ಮಕ್ಕಳಾದ ಬೋವೇರಿಯಂಡ ನಂಜಮ್ಮ ಮತ್ತು ಚಿಣ್ಣಪ್ಪ ದಂಪತಿಗಳು ಇದನ್ನು ಇಂಗ್ಲಿಷಿಗೆ ತಂದರು. ನಂಜಮ್ಮನವರ ವೃತ್ತಿ ಸಂಖ್ಯಾಶಾಸ್ತ್ರ. ಹಾಡಿನ ಅನುವಾದ ಅವರಿಗೂ ವೃತ್ತಿಯ ಹೊರಗಿನ ಕೆಲಸವೇ. ತಾತನ ಗೀಳು ಮೊಮ್ಮಕ್ಕಳ ಕೈಯಲ್ಲಿ ಮತ್ತೆ ಚಿಗುರಿತು. ಆದರೆ 1924ರಲ್ಲಿ ಇದಾವುದೂ ಚಿಣ್ಣಪ್ಪನವರ ಕಣ್ಣ ಮುಂದೆ ಇರಲಿಲ್ಲ. ಮೆಚ್ಚುಗೆ ಬಂದ ಮೇಲೆ ಕೆಲಸ ಮಾಡುತ್ತೇನೆಂದು ಅವರು ಕಾದಿದ್ದರೆ, ಮೆಚ್ಚುವುದಕ್ಕೆ ಈ ಹೊತ್ತು ಏನೂ ಉಳಿಯುತ್ತಿರಲಿಲ್ಲ.

ಇಲ್ಲಿ ಒಂದು ಆಕ್ಷೇಪ ಬರಬಹುದು. ಹವ್ಯಾಸವನ್ನು ಹೀಗೆ ಹೊಗಳಿದರೆ ಕರ್ತವ್ಯ ಕೆಡುವುದಿಲ್ಲವೇ? ಸಂಸಾರವಂದಿಗರಿಗೆ ಇದು ಒಪ್ಪುತ್ತದೆಯೇ? ಆಕ್ಷೇಪ ನ್ಯಾಯವಾದುದೇ. ಮನೆಯ ಒಲೆ ಆರಿರುವಾಗ ವೀಣೆ ಶ್ರುತಿಮಾಡುತ್ತ ಕುಳಿತವನನ್ನು ನಾವೂ ಮೆಚ್ಚುವುದಿಲ್ಲ. ಆದರೆ ನಾವು ಕಂಡಮಟ್ಟಿಗೆ, ಬಿಡುವನ್ನು ನುಂಗುವುದು ಹವ್ಯಾಸಕ್ಕಿಂತ ಹೆಚ್ಚಾಗಿ ಹರಟೆ ಮತ್ತು ಆಲಸ್ಯ. ಒಳಗಿನ ಒಲವಿಗೆ ದಿನಕ್ಕೆ ಅರ್ಧ ಗಂಟೆಯಾದರೂ ಸಲ್ಲಿಸಿದವನು ಉಳಿದ ಹೊತ್ತಿನ ದುಡಿಮೆಗೆ ಹಗುರಾದ ಮನಸ್ಸಿನಿಂದ ಹೋಗುತ್ತಾನೆ.

ಸಂಸಾರದ ಮಾತು ಬಂದುದರಿಂದ ಕೊಡಗಿನ ಇನ್ನೊಂದು ಹೆಸರನ್ನು ನೆನೆಯಬೇಕು. ಕೊಡಗಿನ ಗೌರಮ್ಮನವರು 1912ರಲ್ಲಿ ಹುಟ್ಟಿದವರು. ಗೃಹಕೃತ್ಯದ ನಡುವೆ ಸಣ್ಣ ಕಥೆಗಳನ್ನು ಬರೆದರು. ವಿಧವೆಯರ ಸಂಕಟ, ಹೆಣ್ಣಿಗೊಂದು ಗಂಡಿಗೊಂದು ಎಂಬ ಸಮಾಜದ ನ್ಯಾಯ, ಇವು ಅವರ ವಸ್ತು. ಆ ಕಾಲದಲ್ಲಿ ಹೆಂಗಸು ಕಥೆ ಬರೆಯುವುದೇ ವಿಚಿತ್ರವೆನಿಸುತ್ತಿತ್ತು. ಆಕೆ ಅದರೊಡನೆ ಟೆನ್ನಿಸನ್ನೂ ಆಡಿದರು, ಈಜನ್ನೂ ಕಲಿತರು. 1939ರಲ್ಲಿ, ಕೇವಲ 27 ವರ್ಷ ವಯಸ್ಸಿನಲ್ಲಿ, ಈಜುತ್ತಿರುವಾಗ ಸುಳಿಗೆ ಸಿಕ್ಕಿ ತೀರಿಕೊಂಡರು. 'ಕಂಬನಿ', 'ಚಿಗುರು' ಎಂಬ ಎರಡು ಸಂಕಲನಗಳು ಅವರ ಹಿಂದೆ ಉಳಿದವು. ಮಗು ದೊಡ್ಡದಾಗಲಿ, ಕೈ ಬಿಡುವಾಗಲಿ, ಆಮೇಲೆ ಬರೆಯೋಣ ಎಂದು ಆಕೆ ತಳ್ಳಿಹಾಕಿದ್ದರೆ ಕನ್ನಡಕ್ಕೆ ಆ ಕಥೆಗಳು ದೊರೆಯುತ್ತಿರಲಿಲ್ಲ. ಬಿಡುವು ತಾನಾಗಿ ಬರುತ್ತದೆಂದು ನಂಬುವವರು ಈ ಮಾತನ್ನು ಸ್ವಲ್ಪ ಯೋಚಿಸಬೇಕು.

ತನ್ನ ಕಲೆಯನ್ನು ತಾನು ಗೌರವಿಸುವುದೆಂದರೆ ತನ್ನನ್ನು ತಾನು ಹೊಗಳಿಕೊಳ್ಳುವುದಲ್ಲ. ಇವೆರಡಕ್ಕೂ ಅಂತರ ಬಹಳ. ಹೊಗಳಿಕೊಳ್ಳುವವನು ಅರ್ಧ ಮಾಡಿದ ಕೆಲಸವನ್ನು ಸಭೆಗೆ ತರುತ್ತಾನೆ. ಗೌರವಿಸುವವನು ಅದನ್ನು ಪೂರ್ತಿಮಾಡುತ್ತಾನೆ, ತಪ್ಪನ್ನು ತಿದ್ದುತ್ತಾನೆ, ಬಲ್ಲವರನ್ನು ಕೇಳುತ್ತಾನೆ. ಚಿಣ್ಣಪ್ಪನವರು ತಮ್ಮ ಒಲವಿಗೆ ಸಲ್ಲಿಸಿದ ಮರ್ಯಾದೆ ಭಾಷಣದಲ್ಲಿರಲಿಲ್ಲ. ಕೇಳಿದ್ದನ್ನು ಸಾಲುಸಾಲಾಗಿ ಬರೆದು ಕ್ರಮಪಡಿಸಿದ ದುಡಿಮೆಯಲ್ಲಿತ್ತು. ಎಲ್ಲರ ಹವ್ಯಾಸವೂ ಗ್ರಂಥವಾಗಬೇಕಾಗಿಲ್ಲ. ಮಣ್ಣಿನ ಗೊಂಬೆ ಮಾಡುವವನಿಗೆ ಮನೆಯ ಮಕ್ಕಳು ಕುಣಿದರೆ ಸಾಕು. ಆದರೆ ಗೊಂಬೆಗೆ ಮೂಗು ಸೊಟ್ಟಗಾದರೆ ಮತ್ತೆ ತಿದ್ದುವಷ್ಟು ಶ್ರದ್ಧೆ ಬೇಕು.

ಅಂಥ ಶ್ರದ್ಧೆಗೆ ಈ ಬಾನುಲಿಯೇ ಸಾಕ್ಷಿ. 1935ರಲ್ಲಿ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಲ್ಲಿ ಸಣ್ಣದೊಂದು ಪ್ರಸಾರಯಂತ್ರವನ್ನು ಹೂಡಿದರು. ಅವರ ಅಧ್ಯಾಪಕ ವೃತ್ತಿಗೆ ಅದು ಬೇಕಾದದ್ದಲ್ಲ. ಹಲವು ವರ್ಷ ಖಾಸಗಿಯಾಗಿ ನಡೆದು ಅದು ಸಂಸ್ಥಾನದ ವಶಕ್ಕೆ ಬಂತು. 'ಆಕಾಶವಾಣಿ' ಎಂಬ ಅದರ ಹೆಸರು ಮುಂದೆ ಭಾರತದ ಬಾನುಲಿಗೆಲ್ಲ ಹೆಸರಾಯಿತು.

ಕೊನೆಯದಾಗಿ ಎರಡು ಸೂಚನೆಗಳು. ನಿಮ್ಮ ಒಲವಿನ ಕೆಲಸಕ್ಕೆ ಮನೆಯಲ್ಲಿ ಒಂದು ಗೂಡನ್ನು, ದಿನದಲ್ಲಿ ಒಂದು ಹೊತ್ತನ್ನು ಗೊತ್ತುಮಾಡಿ. ಮಾಡಿದ್ದಕ್ಕೆ ತಾರೀಖು ಹಾಕಿ, ಹೆಸರು ಬರೆದು ಜೋಡಿಸಿಡಿ. ಗುರುತಿಲ್ಲದ ಕಾಗದ ಎಷ್ಟೇ ಬೆಲೆಯುಳ್ಳದ್ದಾದರೂ ಒಂದು ದಿನ ನೀರೊಲೆಗೆ ಹೋಗುತ್ತದೆ. ಎರಡನೆಯದು, ಮನೆಯ ಇತರರ ವಿಷಯ. ಮಗನೋ ಸೊಸೆಯೋ ವಯಸ್ಸಾದ ತಂದೆಯೋ ಯಾವುದಾದರೂ ವಿಚಿತ್ರ ವಿನೋದದಲ್ಲಿ ಮುಳುಗಿದ್ದರೆ, "ಇದರಿಂದ ಏನು ಬರುತ್ತದೆ?" ಎಂದು ಕೇಳುವ ಬದಲು, "ಇದನ್ನು ಹೇಗೆ ಮಾಡುತ್ತೀರಿ?" ಎಂದು ಕೇಳಿ ನೋಡಿ. ಮೊದಲನೆಯ ಪ್ರಶ್ನೆಗೆ 'ಸುಮ್ಮನೆ' ಎಂಬುದೊಂದೇ ಉತ್ತರ. ಎರಡನೆಯದಕ್ಕೆ ಒಂದು ಸಂಜೆಯೂ ಸಾಲದು.